ಗೋತ್ರ ತಿಳಿಯದ ಬಟ್ಟೆ

ನಮ್ಮ ಮನೆಗೆ ಮೊಟ್ಟಮೊದಲ ಟೆರಿಲಿನ್ ಅಂಗಿ ಬಂದದ್ದು ನಾನು ಪ್ರೈಮರಿ ಶಾಲೆಯಲ್ಲಿ ಓದುತ್ತಿದ್ದಾಗ. ಕಛೇರಿಯ ಕೆಲಸದ ಮೇಲೆ ಮುಂಬಯಿಗೆ ಹೋಗಿದ್ದ ತಂದೆಯವರು ಅದನ್ನು ತಂದಿದ್ದರು. ಒಗೆದು ಹರವಿದರೆ ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು. ಇಸ್ತ್ರಿಯ ಗೊಡವೆಯೇ ಇಲ್ಲ. ನೆರೆಹೊರೆಯವರೆಲ್ಲ ಬಂದು, ಹೊಸ ಸೊಸೆಯನ್ನು ನೋಡುವಂತೆ ನೋಡಿ, ಮುಟ್ಟಿ, ಬೆಲೆ ವಿಚಾರಿಸಿಕೊಂಡು ಹೋದರು. ಮುಟ್ಟದೆ ಉಳಿದವರು ನಮ್ಮ ಅಜ್ಜಿ ಒಬ್ಬರೇ.

“ಹತ್ತಿ ಗಿಡದಲ್ಲಿ ಬಿಡುತ್ತೆ. ರೇಷ್ಮೆಯನ್ನು ಹುಳು ಕೊಡುತ್ತೆ, ಉಣ್ಣೆಯನ್ನು ಕುರಿ ಕೊಡುತ್ತೆ. ಇದು ಎಲ್ಲಿ ಹುಟ್ಟಿತಪ್ಪ?” ಎಂದು ಕೇಳಿದರು.

“ಕಲ್ಲೆಣ್ಣೆಯಿಂದ ಮಾಡುತ್ತಾರಂತೆ, ಅಮ್ಮ,” ಎಂದರು ತಂದೆಯವರು.

“ಸೀಮೆಎಣ್ಣೆಯ ತಂಗಿ ಅನ್ನು! ಗೋತ್ರ ತಿಳಿಯದ ಬಟ್ಟೆ. ಅಡಿಗೆಮನೆ ಹತ್ತಿರ ತರಬೇಡ.”

ನಾವೆಲ್ಲ ನಕ್ಕೆವು. ಮುಂದೆ ನಾನು ರಸಾಯನಶಾಸ್ತ್ರ ಓದಿ, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಹೇಳಿದೆ. ಆಗ ಆ ಬಟ್ಟೆಯ ಗೋತ್ರಪ್ರವರಗಳೆಲ್ಲ ನನ್ನ ನಾಲಗೆಯ ತುದಿಯಲ್ಲಿದ್ದುವು. 1941ರಲ್ಲಿ ಮ್ಯಾಂಚೆಸ್ಟರಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಒಂದು ಆಮ್ಲವನ್ನೂ ಗ್ಲೈಕಾಲನ್ನೂ ಕೂಡಿಸಿ ಎಳೆ ತೆಗೆದದ್ದು, 1958ರಲ್ಲಿ ಅಮೆರಿಕದ ಜೋಸೆಫ್ ಷಿವರ್ಸ್ ಎಂಬಾತ ಹಿಗ್ಗಿ ಕುಗ್ಗುವ ಸ್ಪಾಂಡೆಕ್ಸ್ ಎಳೆಯನ್ನು ಮಾಡಿದ್ದು, ಎಲ್ಲವನ್ನೂ ಪ್ರತಿ ವರ್ಷ ಹೇಳುತ್ತಿದ್ದೆ. ಜೊತೆಗೆ ಅಜ್ಜಿಯ ಕಥೆಯನ್ನೂ ಹೇಳುತ್ತಿದ್ದೆ, ತರಗತಿಯೆಲ್ಲ ನಗುತ್ತಿತ್ತು. ಆ ನಗೆಯ ಸಾಲವನ್ನು ಈ ವಯಸ್ಸಿನಲ್ಲಿ ತೀರಿಸಬೇಕಾಗಿ ಬಂದೀತೆಂದು ನಾನು ಎಣಿಸಿರಲಿಲ್ಲ.

ಸಾಲಗಾರಳಾಗಿ ಬಂದವಳು ನನ್ನ ತಂಗಿಯ ಮಗಳು ಪುಟ್ಟಿ. ಅವಳೂ ಅವಳ ಗಂಡನೂ ನಮ್ಮ ಮನೆಯ ಮಹಡಿಯ ಮೇಲೆ ಇದ್ದಾರೆ. ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಾಗಿಲ್ಲ. ಅವಳಿಗೆ ಪಿ.ಸಿ.ಓ.ಎಸ್. ಇದೆಯೆಂದು ವೈದ್ಯರು ಹೇಳಿದ್ದಾರೆ. ಎಂದರೆ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳು, ತಿಂಗಳ ಕ್ರಮದಲ್ಲಿ ಏರುಪೇರು. ತೂಕ ನೂರಕ್ಕೆ ಐದರಷ್ಟು ಇಳಿದರೂ ಎಷ್ಟೋ ಜನರಿಗೆ ಗುಣ ಕಾಣುವುದಂತೆ. ಸರಿ, ಹುಡುಗಿ ಹಟ ಹಿಡಿದಳು. ದಿನ ಬೆಳಗಾದರೆ ಐದೂಮುಕ್ಕಾಲಿಗೆ ಮೆಟ್ಟಿಲ ಮೇಲೆ ದಡದಡ ಸದ್ದು, ಆಮೇಲೆ ಲಾಲ್‌ಬಾಗು. ಆ ಸದ್ದೇ ನನಗೆ ಗಡಿಯಾರವಾಗಿತ್ತು.

ಹೋದ ಬೇಸಗೆಯಲ್ಲಿ ಒಂದು ದಿನ ಸದ್ದು ಕೇಳಲಿಲ್ಲ. ಮರುದಿನವೂ ಇಲ್ಲ. ನಾಲ್ಕನೆಯ ದಿನ ಮೇಲಕ್ಕೆ ಹೋಗಿ ನೋಡಿದರೆ, ಓಡುವಾಗ ತೊಡುವ ಬಟ್ಟೆಯನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು.

“ಯಾರಿಗೆ ಕೊಡೋದು ಅಂತ ಯೋಚಿಸ್ತಾ ಇದೀನಿ ದೊಡ್ಡಮ್ಮ. ಕೊಟ್ಟರೆ ಅವರಿಗೂ ಪಾಪ ಅಲ್ವಾ?” ಎಂದಳು.

ಆದದ್ದು ಇಷ್ಟೆ. ಶಿವಮೊಗ್ಗದಲ್ಲಿರುವ ಅವಳ ಅತ್ತೆಯವರ ಮೊಬೈಲಿಗೆ ಯಾರೋ ಒಂದು ಸುದ್ದಿ ಕಳಿಸಿದ್ದರು. ಮೈಗೆ ಅಂಟುವ ಪಾಲಿಯೆಸ್ಟರ್ ಬಟ್ಟೆಯಲ್ಲಿ ವಿಷವಿದೆ, ಬೆವರಿನೊಡನೆ ಅದು ಮೈಗೆ ಇಳಿಯುತ್ತದೆ, ತೊಟ್ಟ ಹೆಣ್ಣುಮಕ್ಕಳಿಗೆ ಗರ್ಭ ನಿಲ್ಲುವುದಿಲ್ಲ ಎಂದು. ಆಕೆ ಕೆಟ್ಟವರಲ್ಲ, ಮೊಮ್ಮಗುವಿಗಾಗಿ ಹಂಬಲಿಸುವವರು. ಒಂದು ಸಾಲು ತಮ್ಮದನ್ನೂ ಸೇರಿಸಿ ಸೊಸೆಗೆ ಕಳಿಸಿದ್ದರು: “ಇದೇ ಕಾರಣ ಇರಬಹುದಮ್ಮ.”

“ನೀನು ಕೆಮಿಸ್ಟ್ರಿ ಓದಿದವಳು. ನಿಜಾನೋ ಸುಳ್ಳೋ ನೀನೇ ಹೇಳು,” ಎಂದು ಪುಟ್ಟಿ ನನ್ನ ಮುಖ ನೋಡಿದಳು.

ನಾನು ಥಟ್ಟನೆ “ಸುಳ್ಳು” ಎನ್ನಬೇಕೆಂದಿದ್ದೆ. ಬಾಯಿ ಬರಲಿಲ್ಲ. “ಎಂಟು ದಿನ ಪುರಸತ್ತು ಕೊಡು” ಎಂದು ಕೆಳಗಿಳಿದು ಬಂದೆ.

ನಾನೇಕೆ ಥಟ್ಟನೆ ಉತ್ತರ ಹೇಳಬೇಕೆಂದಿದ್ದೆ ಎಂಬುದಕ್ಕೆ ಒಂದು ಹಳೆಯ ಕಾರಣವುಂಟು. ನನ್ನ ಮದುವೆಯಾದದ್ದು 1980ರಲ್ಲಿ. ಮೊದಲನೆಯ ವರ್ಷ ಯಾರೂ ಏನೂ ಅನ್ನಲಿಲ್ಲ. ಮೂರನೆಯ ವರ್ಷದಿಂದ ನನ್ನ ಬದುಕಿನ ಒಂದೊಂದು ವಸ್ತುವೂ ವಿಚಾರಣೆಗೆ ಗುರಿಯಾಯಿತು. ಪ್ರಯೋಗಶಾಲೆಯ ಹೊಗೆ ಕಾರಣ ಎಂದರು ಒಬ್ಬರು. ಇಡೀ ದಿನ ನಿಂತು ಪಾಠ ಹೇಳುವುದು ಕಾರಣ ಎಂದರು ಇನ್ನೊಬ್ಬರು. ಪಪ್ಪಾಯಿ, ಕಾಫಿ, ಸೈಕಲ್ಲು, ಸರದಿಯ ಪ್ರಕಾರ ಎಲ್ಲವೂ ಕಟಕಟೆ ಹತ್ತಿ ಇಳಿದವು. ನನ್ನ ಬಳಿ ನೀಲಿಯ ಮೇಲೆ ಬಿಳಿ ಹೂವಿನ ನೈಲಾನ್ ಸೀರೆಯೊಂದಿತ್ತು. ಮೊದಲ ಸಂಬಳದಲ್ಲಿ ಕೊಂಡದ್ದು. “ನೈಲಾನು ಉಷ್ಣ, ಗರ್ಭಕ್ಕೆ ಕಾವು” ಎಂದರು ನಮ್ಮ ಅತ್ತೆಯವರ ಅಕ್ಕ. ಅಣುಸೂತ್ರ ಬರೆದು ತೋರಿಸಬಲ್ಲ ನಾನು, ಎದುರು ಮಾತಾಡದೆ, ಆ ಸೀರೆಯನ್ನು ಮಡಿಸಿ ತಂಗಿಗೆ ಕೊಟ್ಟುಬಿಟ್ಟೆ. ಆಸೆ ಎಂಬುದು ಓದಿದವರನ್ನೂ ಬಿಡುವುದಿಲ್ಲ.

ಒಂಬತ್ತನೆಯ ವರ್ಷ ಒಬ್ಬ ವೈದ್ಯರು, ಬಹು ಸಾಧಾರಣ ಮಾತೆಂಬಂತೆ, ನಮ್ಮ ಯಜಮಾನರನ್ನೂ ಪರೀಕ್ಷಿಸಬೇಕೆಂದರು. ಪರೀಕ್ಷೆಯಾಯಿತು. ಲೋಪ ನನ್ನಲ್ಲಿರಲಿಲ್ಲ. ಅವರು ಎರಡು ದಿನ ಊಟ ಮಾಡಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಬರಲೇ ಇಲ್ಲ. ಒಂಬತ್ತು ವರ್ಷ ಕಾರಣ ಹುಡುಕಿದವರೆಲ್ಲ ಒಂದೇ ದಿನದಲ್ಲಿ ವಿಧಿಯನ್ನು ನಂಬತೊಡಗಿದರು. ಅವರು ಒಳ್ಳೆಯವರು, ಈಗ ಇಲ್ಲ. ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅಂದಹಾಗೆ, ಆ ನೀಲಿ ಸೀರೆಯನ್ನು ಉಟ್ಟು ಸವೆಸಿದ ನನ್ನ ತಂಗಿಗೆ ಎರಡು ಮಕ್ಕಳಾದುವು. ಎರಡನೆಯವಳೇ ಪುಟ್ಟಿ. ಇದನ್ನು ಪ್ರಯೋಗವೆಂದು ನಾನು ಹೇಳುತ್ತಿಲ್ಲ. ಒಂದು ಸೀರೆ, ಒಬ್ಬ ತಂಗಿ, ಇದರಿಂದ ಏನೂ ಸಿದ್ಧವಾಗದು. ನೈಲಾನು ತಪ್ಪಿತಸ್ಥ ಎಂದು ಹೇಳಿದವರ ಬಳಿ ಅಷ್ಟು ಸಾಕ್ಷಿಯೂ ಇರಲಿಲ್ಲ ಎಂಬುದಷ್ಟೇ ನನ್ನ ಮಾತು.

ಆದ್ದರಿಂದ ಪುಟ್ಟಿಗೆ “ಸುಳ್ಳು” ಎಂದು ಹೇಳಿಬಿಡುವ ಆತುರ ನನಗೆ. ಆದರೆ ಎಂಟು ದಿನ ಕುಳಿತು ಓದಿದ ಮೇಲೆ ಹಾಗೆ ಹೇಳುವ ಹಾಗಿರಲಿಲ್ಲ.

ಮೊದಲನೆಯ ಸಂಗತಿ ನಿಜ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1986ರ ಒಂದು ಕಾನೂನುಂಟು: ಮಾರುವ ಪದಾರ್ಥದಲ್ಲಿ ಕ್ಯಾನ್ಸರನ್ನೋ ಸಂತಾನಕ್ಕೆ ಹಾನಿಯನ್ನೋ ತರುವ ದ್ರವ್ಯ ಮಿತಿ ಮೀರಿ ಇದ್ದರೆ ಮಾರುವವರೇ ಮುಂಚಿತವಾಗಿ ಎಚ್ಚರಿಸತಕ್ಕದ್ದು. ಬಿಸ್‌ಫಿನಾಲ್-ಎ, ಚಿಕ್ಕದಾಗಿ ಬಿಪಿಎ, ಎಂಬ ದ್ರವ್ಯವನ್ನು ಹೆಂಗಸರ ಸಂತಾನಶಕ್ತಿಗೆ ಹಾನಿಕರವೆಂದು 2015ರಲ್ಲಿ ಆ ಪಟ್ಟಿಗೆ ಸೇರಿಸಿದರು. ಚರ್ಮದ ಮೂಲಕ ದಿನಕ್ಕೆ 3 ಮೈಕ್ರೋಗ್ರಾಂ ಎಂದು ಮಿತಿ ಕಟ್ಟಿದರು. ಓಕ್ಲೆಂಡ್ ನಗರದ ಸೆಂಟರ್ ಫಾರ್ ಎನ್ವಿರಾನ್‌ಮೆಂಟಲ್ ಹೆಲ್ತ್ ಎಂಬ ಸಂಸ್ಥೆಯವರು ಹೆಂಗಸರು ವ್ಯಾಯಾಮದಲ್ಲಿ ತೊಡುವ ಒಳ ಉಡುಪನ್ನೂ ಅಂಗಿಗಳನ್ನೂ ಕೃತಕ ಬೆವರಿನಿಂದ ಪರೀಕ್ಷಿಸಿ, ಕೆಲವು ಬಟ್ಟೆಗಳಿಂದ ಈ ಮಿತಿಯ 22 ಪಟ್ಟಿನವರೆಗೂ ಬಿಪಿಎ ಮೈಗೆ ತಗಲಬಹುದೆಂದು 2022ರಲ್ಲಿ ಪ್ರಕಟಿಸಿದರು. ಅದು ಸಿಕ್ಕಿದ್ದು ಪಾಲಿಯೆಸ್ಟರಿಗೆ ಸ್ಪಾಂಡೆಕ್ಸ್ ಬೆರೆಸಿದ ಬಟ್ಟೆಗಳಲ್ಲಿ.

ಪಾಲಿಯೆಸ್ಟರ್ ಎಳೆಯನ್ನು ಬಿಪಿಎಯಿಂದ ಮಾಡುವುದಿಲ್ಲ. ನಾನು ತರಗತಿಯಲ್ಲಿ ಹೇಳುತ್ತಿದ್ದ ಗೋತ್ರದಲ್ಲಿ ಅದರ ಹೆಸರೇ ಇಲ್ಲ. ಬಣ್ಣ ಬಿಡದಂತೆ, ಕರೆಂಟು ಹಿಡಿಯದಂತೆ, ನುಣುಪಾಗಿರುವಂತೆ ಬಟ್ಟೆಗೆ ಮಾಡುವ ನೂರೆಂಟು ಸಂಸ್ಕಾರಗಳಲ್ಲಿ ಇಂಥವು ಬಂದು ಸೇರಿಕೊಳ್ಳುತ್ತವೆ. ಅಂಗಿಯ ಒಳಗೆ ಹೊಲಿದ ಚೀಟಿಯಲ್ಲಿ “ಪಾಲಿಯೆಸ್ಟರ್ 87, ಸ್ಪಾಂಡೆಕ್ಸ್ 13” ಎಂದಷ್ಟೇ ಇರುತ್ತದೆ. ಹೆಸರು ಉಂಟು, ಗೋತ್ರವಿಲ್ಲ. ಅಜ್ಜಿ ಕೇಳಿದ ಪ್ರಶ್ನೆಗೆ ನಾನು ಅರವತ್ತು ವರ್ಷ ತಪ್ಪು ಉತ್ತರ ಕೊಡುತ್ತಿದ್ದೆನೆಂದು ಆ ಚೀಟಿಯನ್ನು ನೋಡಿದಾಗ ಹೊಳೆಯಿತು.

ಈ ಬಿಪಿಎಯ ಪೂರ್ವೋತ್ತರವೂ ವಿಚಿತ್ರವಾದುದು. ಇದು ಹುಟ್ಟಿದ್ದು 1891ರಲ್ಲಿ. 1936ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಎಂಬ ವಿಜ್ಞಾನಿ ಹೆಣ್ತನದ ಹಾರ್ಮೋನಿನ ಕೆಲಸವನ್ನು ಮಾಡಬಲ್ಲ ಕೃತಕ ದ್ರವ್ಯಗಳನ್ನು ಹುಡುಕುತ್ತ ಇದನ್ನೂ ಪರೀಕ್ಷಿಸಿ, ಅಂಥ ಗುಣ ಇದಕ್ಕೆ ಅಲ್ಪಸ್ವಲ್ಪ ಉಂಟೆಂದು ಬರೆದ. ಅದಕ್ಕಿಂತ ಬಹು ಬಲವಾದ ಡಿಇಎಸ್ ಎಂಬುದು 1938ರಲ್ಲಿ ಆತನಿಗೆ ಸಿಕ್ಕಿದ್ದರಿಂದ ಬಿಪಿಎ ಔಷಧವಾಗಲಿಲ್ಲ. 1950ರ ದಶಕದಿಂದ ಪ್ಲಾಸ್ಟಿಕ್ಕಿನ ಮನೆ ಸೇರಿತು. ಎಂದರೆ, ನಮ್ಮ ಗ್ರಂಥಿಗಳ ಬೀಗಕ್ಕೆ ಈ ಕಳ್ಳಕೀಲಿ ತುಸುಮಟ್ಟಿಗೆ ಹೊಂದುತ್ತದೆ ಎಂಬುದು ಪ್ಲಾಸ್ಟಿಕ್ ಆಗುವುದಕ್ಕೆ ಮೊದಲೇ ಗೊತ್ತಿದ್ದ ವಿಷಯ.

ಡಿಇಎಸ್ ಏನಾಯಿತೆಂಬುದನ್ನೂ ಕೇಳಿ. ಗರ್ಭ ಇಳಿಯದಿರಲೆಂದು ಅದನ್ನು ಲಕ್ಷಾಂತರ ಬಸುರಿ ಹೆಂಗಸರಿಗೆ ಕೊಟ್ಟರು. ಅದರಿಂದ ಫಲವಿಲ್ಲವೆಂದು 1953ರಲ್ಲಿಯೇ ಚಿಕಾಗೋ ನಗರದ ಒಂದು ಪರೀಕ್ಷೆ ತೋರಿಸಿಕೊಟ್ಟಿತು. ಆದರೂ ಕೊಡುತ್ತಲೇ ಬಂದರು. 1971ರಲ್ಲಿ ಬಾಸ್ಟನ್ನಿನ ವೈದ್ಯರು, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಾಣುತ್ತಿದೆಯೆಂದು ಬರೆದ ಮೇಲೆ ನಿಲ್ಲಿಸಿದರು. ನಡುವಿನ ಹದಿನೆಂಟು ವರ್ಷ ಅನುಮಾನದ ಲಾಭ ಮದ್ದಿಗೆ ದೊರೆಯಿತು. ನಷ್ಟ ಹೆಂಗಸರ ಪಾಲಿಗೆ ಬಂತು.

ಹಾಗಾದರೆ ಸುದ್ದಿಯ ಕೊನೆಯ ಮಾತು, ತೊಟ್ಟವರಿಗೆ ಗರ್ಭ ನಿಲ್ಲದೆಂಬುದು, ನಿಜವೇ? ಅದನ್ನು ಹೆಂಗಸರಲ್ಲಿ ಯಾರೂ ಸಿದ್ಧಪಡಿಸಿಲ್ಲ. ಕ್ಯಾಲಿಫೋರ್ನಿಯದ ಮಿತಿ ಎಂದರೆ, ಹಾನಿ ಕಾಣದ ಪ್ರಮಾಣದ ಸಾವಿರದಲ್ಲಿ ಒಂದು ಪಾಲು. ಅದನ್ನು 22 ಪಟ್ಟು ಮೀರಿದರೆ ಕಾನೂನು ಮೀರಿದಂತಾಯಿತು, ವಿಷ ಕುಡಿದಂತಾಗಲಿಲ್ಲ. ಇತ್ತ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಪಿಎಯ ಸಹ್ಯ ಪ್ರಮಾಣವನ್ನು ಒಂದೇಟಿಗೆ ಇಪ್ಪತ್ತು ಸಾವಿರ ಪಟ್ಟು ಇಳಿಸಿತು. ಜರ್ಮನಿಯ ಸಂಸ್ಥೆ ಅಷ್ಟು ಇಳಿಸುವುದನ್ನು ಒಪ್ಪಲಿಲ್ಲ. ಪಿ.ಸಿ.ಓ.ಎಸ್. ಇರುವವರ ರಕ್ತದಲ್ಲಿ ಬಿಪಿಎ ಹೆಚ್ಚಾಗಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ. ಆದರೆ ಬಿಪಿಎಯಿಂದ ಆ ತೊಂದರೆ ಬಂತೋ, ಆ ತೊಂದರೆಯ ದೆಸೆಯಿಂದ ಮೈ ಬಿಪಿಎಯನ್ನು ಹೊರಹಾಕುವುದು ನಿಧಾನವಾಯಿತೋ, ಬೀಜ ಮೊದಲೋ ಮರ ಮೊದಲೋ ಎಂಬಂತೆ ನಿಂತಿದೆ. ಅಂಗಡಿಯಲ್ಲಿ ಕೊಡುವ ನುಣುಪು ಕಾಗದದ ಬಿಲ್ಲಿನಲ್ಲೂ, ಡಬ್ಬಿಯಲ್ಲಿ ಬರುವ ಆಹಾರದ ಒಳಲೇಪದಲ್ಲೂ ಈ ಮಹರಾಯ ಇರುವುದುಂಟು. ಬಟ್ಟೆಯೊಂದನ್ನೇ ಹಿಡಿದು ಹೊಡೆಯುವ ಹಾಗಿಲ್ಲ. ಒಂದು ಸಮಾಧಾನವೆಂದರೆ ಮೈ ಇದನ್ನು ಬಹು ಕಾಲ ಇಟ್ಟುಕೊಳ್ಳುವುದಿಲ್ಲ. ಒಂದೆರಡು ದಿನದಲ್ಲಿ ಬಹುಪಾಲು ಹೊರಟುಹೋಗುತ್ತದೆ.

ಹೊರಡದೆ ಕೂರುವ ಜಾತಿ ಇನ್ನೊಂದುಂಟು. ನೀರು, ಕಲೆ ಹಿಡಿಯದಂತೆ ಬಟ್ಟೆಗೆ ಬಳಿಯುವ ಫ್ಲೋರಿನ್ ಸಂಯುಕ್ತಗಳು; ಪಿಎಫ್‌ಎಎಸ್ ಎನ್ನುತ್ತಾರೆ. ಇವುಗಳಲ್ಲಿ ಕೆಲವು ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಚರ್ಮ ಇವನ್ನು ಒಳಗೆ ಬಿಡದೆಂದು ನಂಬಿದ್ದರು. 2024ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದವರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಚರ್ಮದ ಮೇಲೆ 17 ಬಗೆಗಳನ್ನು ಇಟ್ಟು ನೋಡಿ, 15 ಬಗೆಗಳು ಗಣನೀಯವಾಗಿ ಒಳಗಿಳಿದವೆಂದು ತೋರಿಸಿದರು. ಹೊಸ ಉಡುಪುಗಳಲ್ಲಿ ಇವನ್ನು ಬೇಕೆಂದೇ ಸೇರಿಸುವುದನ್ನು ಕ್ಯಾಲಿಫೋರ್ನಿಯ 2025ರ ಜನವರಿಯಿಂದ ಬಹುಮಟ್ಟಿಗೆ ನಿಷೇಧಿಸಿದೆ.

ಇನ್ನು ಅತ್ತೆಯವರ ಸುದ್ದಿಗೆ ಮೂಲವಾದ ನಾಯಿಗಳ ಕಥೆ. ಈಜಿಪ್ಟಿನ ಅಹ್ಮದ್ ಷಫೀಕ್ ಎಂಬ ವೈದ್ಯ ಹೆಣ್ಣುನಾಯಿಗಳಿಗೆ ಪಾಲಿಯೆಸ್ಟರ್ ಚಡ್ಡಿ ತೊಡಿಸಿ, ಕೆಲವು ಗರ್ಭ ಧರಿಸಲಿಲ್ಲವೆಂದೂ ತೆಗೆದ ಮೇಲೆ ಸರಿಹೋದುವೆಂದೂ 2008ರಲ್ಲಿ ಬರೆದಿದ್ದಾನೆ. ನಾಯಿಗಳೂ ಕೆಲವೇ, ಆತ ಕಾರಣವೆಂದದ್ದೂ ರಾಸಾಯನಿಕವನ್ನಲ್ಲ, ಬಟ್ಟೆಯ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತನ್ನು. ಆದರೆ ಸುದ್ದಿ ಕಳಿಸಿದವರು ಬಿಟ್ಟುಬಿಟ್ಟ ಭಾಗ ಇನ್ನೂ ಸ್ವಾರಸ್ಯವಾಗಿದೆ. ಈ ಮಹಾಶಯ ಅದಕ್ಕೂ ಮೊದಲು, 1992ರಲ್ಲಿ, 14 ಜನ ಗಂಡಸರಿಗೆ ಪಾಲಿಯೆಸ್ಟರಿನ ಚೀಲ ಕಟ್ಟಿಸಿ, ಅವರ ವೀರ್ಯಾಣುಗಳು ಕೆಲವು ತಿಂಗಳಲ್ಲಿ ಇಲ್ಲವಾದುವೆಂದೂ, ಬಿಚ್ಚಿದ ಮೇಲೆ ಮರಳಿದುವೆಂದೂ ವರದಿ ಮಾಡಿದ್ದ. 1993ರಲ್ಲಿ ಗಂಡು ಇಲಿಗಳಿಗೆ ಷರಾಯಿ ಹೊಲಿಸಿ ತೊಡಿಸಿದ್ದ; ಅದಕ್ಕಾಗಿ ಅವನು ಸತ್ತ ಮೇಲೆ, 2016ರಲ್ಲಿ, ನಗೆಬರಿಸುವ ಸಂಶೋಧನೆಗಳಿಗೆ ಕೊಡುವ ಇಗ್ನೊಬೆಲ್ ಬಹುಮಾನವೂ ಬಂತು. ನಗೋಣ, ಬೇಡವೆನ್ನುವುದಿಲ್ಲ. ಆದರೆ ಪಾಲಿಯೆಸ್ಟರಿನ ಈ ದೂರು ಮೊದಲು ಎದ್ದದ್ದು ಗಂಡಸರ ವಿಷಯದಲ್ಲಿ. ಶಿವಮೊಗ್ಗದ ಮೊಬೈಲಿಗೆ ಬರುವಷ್ಟರಲ್ಲಿ ಅದು ಹೆಂಗಸಿನ ದೂರಾಗಿತ್ತು.

ಎಂಟನೆಯ ದಿನ ಪುಟ್ಟಿಯನ್ನು ಕರೆದು ಎಲ್ಲವನ್ನೂ ಹೇಳಿದೆ. “ಬಟ್ಟೆಯಲ್ಲಿ ಇರಬಾರದ್ದು ಇರಬಹುದು. ನಿನಗೆ ಮಗುವಾಗದಿರುವುದಕ್ಕೆ ಅದೇ ಕಾರಣ ಅಂತ ಯಾರೂ ಹೇಳೋ ಹಾಗಿಲ್ಲ. ಓಟದಿಂದ ನಿನಗೆ ಗುಣ ಇದೆ ಅನ್ನೋದು ಮಾತ್ರ ಖಂಡಿತ. ಖಂಡಿತವಾದ್ದನ್ನ ಅನುಮಾನಕ್ಕೆ ಬಲಿ ಕೊಡಬೇಡ.”

“ಹಾಗಾದರೆ ಹತ್ತಿ ಬಟ್ಟೆ ಹಾಕ್ಕೊಂಡು ಓಡ್ಲಾ?”

“ಓಡು.”

“ನೀನು ಓಡಿ ನೋಡಿದ್ದೀಯಾ ದೊಡ್ಡಮ್ಮ? ಬೆವರು ಹೀರಿ ಒದ್ದೆ ಕಂಬಳಿ ಆಗುತ್ತೆ. ತೊಡೆಯೆಲ್ಲ ಉರಿಯುತ್ತೆ.”

ನಾನು ಓಡಿ ನೋಡಿರಲಿಲ್ಲ. ನಮ್ಮ ಕಾಲದ ಹುಡುಗಿಯರು ಓಡದಿದ್ದುದಕ್ಕೆ ಮರ್ಯಾದೆಯೊಂದೇ ಕಾರಣವಲ್ಲ. ತಕ್ಕ ಉಡುಪೂ ಇರಲಿಲ್ಲ. 1977ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್ ಎಂಬಾಕೆ ಗೆಳತಿಯರೊಡನೆ ಸೇರಿ, ಗಂಡಸರು ಆಟಕ್ಕೆ ಕಟ್ಟುವ ಲಂಗೋಟಿಗಳೆರಡನ್ನು ಜೋಡಿಸಿ ಹೊಲಿದು, ಓಡುವ ಹೆಂಗಸರಿಗೆ ಒಂದು ಒಳ ಉಡುಪನ್ನು ಮಾಡಿದಳು. ಅಂದಿನಿಂದ ಎಷ್ಟು ಹೆಣ್ಣುಮಕ್ಕಳು ಮೈದಾನಕ್ಕೆ ಇಳಿದಿದ್ದಾರೆ! ಅದನ್ನು ಬಿಟ್ಟು ಹಿಂದಕ್ಕೆ ಹೋಗು ಎನ್ನುವ ಅಧಿಕಾರ ನನಗಿಲ್ಲ. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಓಡುವಾಗ ಬೇಕಾದ್ದು ತೊಡುವುದು, ಬಂದ ಕೂಡಲೆ ಬಿಚ್ಚಿ ಸ್ನಾನ ಮಾಡುವುದು, ಅದೇ ಬಟ್ಟೆಯಲ್ಲಿ ಕಾಫಿ, ಮೊಬೈಲು ಎಂದು ಒಂಬತ್ತು ಗಂಟೆಯವರೆಗೆ ಕೂರುವಂತಿಲ್ಲ. ಮಿಕ್ಕ ಹೊತ್ತೆಲ್ಲ, ಮೈಗೆ ಹತ್ತಿರದ ಬಟ್ಟೆಯಾದರೂ ಹತ್ತಿಯದಾಗಿರಲಿ. ಹೊಸದನ್ನು ಒಗೆಯದೆ ತೊಡಕೂಡದು. “ವಾಸನೆ ಬಾರದು, ನೀರು ಹಿಡಿಯದು” ಎಂದು ಹೊಗಳಿಕೊಳ್ಳುವ ಬಟ್ಟೆಗೆ ದೂರದಿಂದ ನಮಸ್ಕಾರ.

ಆದರೆ ಇಷ್ಟನ್ನು ಹೇಳಿ ಮುಗಿಸಿದಾಗ ನನಗೇ ನಾಚಿಕೆಯಾಯಿತು. ನಾನೂ ಒಂದು ಪಟ್ಟಿಯನ್ನು ಆ ಹುಡುಗಿಯ ಕೈಗೇ ಕೊಟ್ಟಿದ್ದೆ. ಮಾಡಿದವನು, ಬಣ್ಣ ಹಾಕಿದವನು, ಮಾರಿದವನು, ಇವರ ಕೈಗೆ ಯಾವ ಪಟ್ಟಿಯೂ ಇಲ್ಲ. ನಮ್ಮ ಮನೆಗೆಲಸದಾಕೆಯ ಮಗಳು ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಪರದೇಶಕ್ಕೆ ಹೋಗುವ ಇಂಥದೇ ಬಟ್ಟೆಯನ್ನು ದಿನಕ್ಕೆ ಎಂಟು ಗಂಟೆ ಮುಟ್ಟಿ ಹೊಲಿಯುವವಳು. ಹೊಸ ಬಟ್ಟೆಯ ಕಟ್ಟು ಬಿಚ್ಚಿದರೆ ಕಣ್ಣು ಉರಿಯುತ್ತದೆಯಂತೆ. ಅವಳು ಒಗೆದು ಹೊಲಿಯುವುದು ಹೇಗೆ? ಬಟ್ಟೆಗೆ ಏನೇನು ಹಾಕಿದ್ದೇವೆಂದು ಮಾಡಿದವರು ಹೇಳಬೇಕು. ನಿರಪಾಯವೆಂದು ತೋರಿಸುವ ಹೊರೆಯೂ ಅವರದಾಗಬೇಕು. ತೊಟ್ಟವಳು, ಹೊಲಿದವಳು ತಮ್ಮ ಗರ್ಭವನ್ನು ಸಾಕ್ಷಿಯಾಗಿ ತಂದು ನಿಲ್ಲಿಸಬೇಕಾದ ನ್ಯಾಯಾಲಯ ಯಾವ ಸೀಮೆಯದು?

ಹೊರಡುವ ಮುಂಚೆ ಪುಟ್ಟಿಯನ್ನು ಒಂದು ಮಾತು ಕೇಳಿದೆ. ಕೇಳಲು ಬಹಳ ಕಷ್ಟವಾಯಿತು.

“ನಿನ್ನ ಗಂಡ ಪರೀಕ್ಷೆ ಮಾಡಿಸಿಕೊಂಡಿದಾನೇನೆ?”

ಅವಳು ಸುಮ್ಮನಾದಳು. “ಅವರಿಗೆ ಯಾಕೆ ದೊಡ್ಡಮ್ಮ? ತೊಂದರೆ ಇರೋದು ನನಗೆ ಅಂತ ಗೊತ್ತಾಗಿದೆಯಲ್ಲ,” ಎಂದಳು.

ಆಗ ನನ್ನ ಒಂಬತ್ತು ವರ್ಷದ ಕಥೆಯನ್ನು ಅವಳಿಗೆ ಹೇಳಿದೆ. ಅವಳ ತಾಯಿಗೂ ಅದು ಪೂರ್ತಿ ಗೊತ್ತಿಲ್ಲ. ಕೇಳಿ ಮುಗಿಸಿ ಅವಳು ಏನೂ ಅನ್ನಲಿಲ್ಲ. ಚೀಲವನ್ನು ಎತ್ತಿಕೊಂಡು ಮೇಲಕ್ಕೆ ಹೋದಳು.

ಮರುದಿನ ಐದೂಮುಕ್ಕಾಲಿಗೆ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಭಾನುವಾರ ಸದ್ದು ಎರಡು ಪಟ್ಟಾಗಿತ್ತು. ಕಿಟಕಿಯಿಂದ ನೋಡಿದೆ. ಪುಟ್ಟಿಯ ಜೊತೆಗೆ ಅವಳ ಗಂಡನೂ ಕಣ್ಣುಜ್ಜುತ್ತ ಹೊರಟಿದ್ದ. ಯಾವುದೋ ಕ್ರಿಕೆಟ್ ತಂಡದ ಹೆಸರಿದ್ದ, ಮಿರಮಿರ ಮಿಂಚುವ, ಅಪ್ಪಟ ಪಾಲಿಯೆಸ್ಟರ್ ಅಂಗಿ ತೊಟ್ಟಿದ್ದ. ಆ ಅಂಗಿ ಅವನ ಮೈಮೇಲೆ ಎಷ್ಟು ವರ್ಷದಿಂದ ಇದೆಯೋ. ಅದರ ಗೋತ್ರವನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.